ಆ ಹಾಡು ಹೇಗೆ ಮುಗಿಯಿತು

ಹಾಡಿನ ಮಧ್ಯದಲ್ಲಿ ಎದ್ದು ಹೋದೆ. ಮೂರನೇ ಸಾಲಿನ ನಡುವಿನ ಕುರ್ಚಿ ನನ್ನದು. ಕೊನೆಯ ಬಸ್ಸಿಗೆ ಹನ್ನೆರಡು ನಿಮಿಷ ಉಳಿದಿತ್ತು. ಬ್ಯಾಂಡ್ ತಡವಾಗಿ ಶುರು ಮಾಡಿತ್ತು, ಹಾಡುಗಳ ನಡುವೆ ಮಾತೂ ಜಾಸ್ತಿ ಆಗಿತ್ತು. ನಾನು ಎರಡು ಹಾಡುಗಳಿಂದ ಗಡಿಯಾರ ನೋಡುತ್ತಲೇ ಇದ್ದೆ. ಈ ಹಾಡು ಮುಗಿಯಲಿ, ಚಪ್ಪಾಳೆಯ ಸದ್ದಿನಲ್ಲಿ ಎದ್ದರಾಯಿತು ಅಂದುಕೊಂಡಿದ್ದೆ. ಹಾಡು ಮುಗಿಯಲಿಲ್ಲ. ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು, ಪ್ರತಿ ಸಲವೂ ಸ್ವಲ್ಪ ಬೇರೆ ಥರ. ಕೊನೆಗೆ ಪಕ್ಕದವರ ಮೊಣಕಾಲುಗಳನ್ನು ದಾಟಿಕೊಂಡು, ತಲೆ ಬಗ್ಗಿಸಿ, ಬಾಗಿಲ ಕಡೆ ನಡೆದೆ. ಬಾಗಿಲು ಹಾಡುವವರ ಎಡಗಡೆಗೇ ಇತ್ತು. ಹೊರಗೆ ಹೋಗಬೇಕಾದರೆ ಅವರ ಮುಂದೆಯೇ ಹಾದು ಹೋಗಬೇಕು. ಆಕೆ ಹಾಡು ನಿಲ್ಲಿಸಲಿಲ್ಲ. ಸುಮ್ನೆ ನನ್ನ ಕಡೆ ನೋಡಿದರು. ಅದರಲ್ಲಿ ಸಿಟ್ಟು ಇರಲಿಲ್ಲ. ಮನೆಗೆ ಬಂದ ನೆಂಟರನ್ನು ಬಾಗಿಲವರೆಗೆ ಕಳಿಸಿಕೊಡುತ್ತೇವಲ್ಲ, ಆ ಥರದ ನೋಟ. ಹಾಡುತ್ತಲೇ ನನ್ನನ್ನು ಹೊಸ್ತಿಲವರೆಗೆ ಕಳಿಸಿಕೊಟ್ಟರು. ಬಾಗಿಲು ಕಿರ್ ಅಂತು. ಫಿಡಲ್ ನುಡಿಸುತ್ತಿದ್ದವರೂ ತಿರುಗಿ ನೋಡಿದರು.

ಬಸ್ಸು ಸಿಕ್ಕಿತು. ಕಿಟಕಿ ಪಕ್ಕ ಕೂತು ಆ ಸಾಲನ್ನೇ ಗುನುಗಿಕೊಂಡೆ. ಎಷ್ಟು ಸಲ ಗುನುಗಿದರೂ ಅದು ಎಲ್ಲಿಗೂ ಹೋಗಿ ಸೇರಲಿಲ್ಲ. ಮನೆಗೆ ಬಂದು ಆ ಹಾಡಿನ ರೆಕಾರ್ಡಿಂಗ್ ಹುಡುಕಿ ಹಾಕಿದೆ. ಚೆನ್ನಾಗಿತ್ತು. ಆ ಸಾಲು ಬಂತು, ಮತ್ತೆ ಬಂತು, ಮತ್ತೆ ಬಂತು. ಆಮೇಲೆ ದನಿ ಚಿಕ್ಕದಾಗುತ್ತಾ, ಚಿಕ್ಕದಾಗುತ್ತಾ, ಇಲ್ಲವಾಯಿತು. ಫೇಡ್ ಔಟ್. ಸ್ಟುಡಿಯೋದಲ್ಲಿ ಯಾರೋ ಒಂದು ಗುಂಡಿಯನ್ನು ನಿಧಾನಕ್ಕೆ ಕೆಳಗೆ ಎಳೆದಿದ್ದರು. ಹಾಡು ಹೇಗೆ ಮುಗಿಯುತ್ತದೆ ಅನ್ನುವುದು ರೆಕಾರ್ಡಿಂಗಿನಲ್ಲಿ ಇರಲೇ ಇಲ್ಲ.

ಆ ಕೋಣೆಯಲ್ಲಿ ಗುಂಡಿ ಎಳೆಯುವವರು ಇರಲಿಲ್ಲ. ನಾಲ್ಕು ಜನ, ನಾಲ್ಕು ವಾದ್ಯ. ಹೇಗೋ ಒಂದು ಥರ ಅವರು ಅದನ್ನು ಮುಗಿಸಿಯೇ ಇರಬೇಕು. ಕೊನೆಯವರೆಗೆ ಕೂತಿದ್ದ ಮೂವತ್ತು ಚಿಲ್ಲರೆ ಜನಕ್ಕೆ ಅದು ಗೊತ್ತು. ನನಗೆ ಗೊತ್ತಿಲ್ಲ. ಎರಡು ವರ್ಷ ಇದು ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು.

ಬಾಗಿಲು ಮುಚ್ಚಿ ಹಾಡು ಮುಗಿಸುವುದು

ಹಾಡನ್ನು ನಿಧಾನಕ್ಕೆ ಕರಗಿಸುವ ಆಸೆ ಸ್ಟುಡಿಯೋದ ಆ ಗುಂಡಿಗಿಂತ ಹಳೆಯದು. ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ ಗ್ರಹಗಳ ಮೇಲೆ ಏಳು ಭಾಗದ ಒಂದು ದೊಡ್ಡ ವಾದ್ಯವೃಂದ ಕೃತಿ ಬರೆದರು. ಅದರ ಮೊದಲ ಪ್ರದರ್ಶನ 1918ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಆಯಿತು. ಕೊನೆಯ ಭಾಗ ನೆಪ್ಚೂನ್. ಅದರಲ್ಲಿ ಹಾಡುವ ಹೆಂಗಸರು ವೇದಿಕೆಯ ಮೇಲೆ ಇರುವುದಿಲ್ಲ, ಪಕ್ಕದ ಕೋಣೆಯಲ್ಲಿ ಇರುತ್ತಾರೆ. ಆ ಕೋಣೆಯ ಬಾಗಿಲು ತೆರೆದಿರಬೇಕು. ಕೊನೆಯಲ್ಲಿ ಅದನ್ನು ಸದ್ದಾಗದ ಹಾಗೆ, ನಿಧಾನಕ್ಕೆ ಮುಚ್ಚಬೇಕು. ದನಿ ದೂರದಲ್ಲಿ ಕಳೆದುಹೋಗುವವರೆಗೆ ಕೊನೆಯ ಸ್ವರಗಳನ್ನು ಹಾಡುತ್ತಲೇ ಇರಬೇಕು. ಇದನ್ನೆಲ್ಲ ಹೋಲ್ಸ್ಟ್ ಸ್ವರಲಿಪಿಯಲ್ಲೇ ಬರೆದಿಟ್ಟಿದ್ದಾರೆ.

ಇದನ್ನು ಓದಿದಾಗ ನನಗೆ ಆ ರಾತ್ರಿಯ ಬಾಗಿಲು ನೆನಪಾಯಿತು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡಾಗ ಮೊದಲು ಫಿಡಲಿನ ಚೂಪು ಹೋಯಿತು, ಆಮೇಲೆ ಪದಗಳು ಹೋದವು. ಗೋಡೆಯ ಆಚೆಯಿಂದ ಡಬಲ್ ಬೇಸಿನ ದಪ್ಪ ದನಿ ಮಾತ್ರ ಇನ್ನೂ ಸ್ವಲ್ಪ ದೂರ ನನ್ನ ಜೊತೆ ಬಂತು. ತಗ್ಗಿನ ಸ್ವರಗಳು ಗೋಡೆ ದಾಟುತ್ತವೆ, ಮೇಲಿನವು ಅಲ್ಲೇ ನಿಲ್ಲುತ್ತವೆ. ನನ್ನ ಪಾಲಿಗೆ ಹಾಡು ಫೇಡ್ ಔಟ್ ಆಯಿತು, ಅಷ್ಟೇ. ಆದರೆ ಬಾಗಿಲು ಎಳೆದವಳು ನಾನೇ.

ಚಿಕ್ಕ ಜಾಗದ ಗಿಗ್‌ಗಳಿಗೆ, ಅಂದರೆ ಬ್ಯಾಂಡ್‌ಗಳು ಎದುರಿಗೇ ಹಾಡುವ ಕಾರ್ಯಕ್ರಮಗಳಿಗೆ, ನಾನು ತುಂಬಾ ವರ್ಷದಿಂದ ಹೋಗುತ್ತಿದ್ದೇನೆ. ಆ ರಾತ್ರಿಗೂ ಮೊದಲು ಈ ಥರದ ಯೋಚನೆ ಬಂದಿರಲಿಲ್ಲ. ದೊಡ್ಡ ಮೈದಾನದ ಕಾರ್ಯಕ್ರಮದಲ್ಲಿ ಸಾವಿರ ಜನ ಮಧ್ಯದಲ್ಲಿ ಎದ್ದು ಹೋದರೂ ವೇದಿಕೆಯ ಮೇಲಿರುವವರಿಗೆ ಗೊತ್ತಾಗುವುದಿಲ್ಲ. ಅವರ ಕಣ್ಣಿಗೆ ಬೆಳಕು ಬಡಿಯುತ್ತಿರುತ್ತದೆ, ಎದುರಿಗೆ ಬರೀ ಕತ್ತಲು. ನಲವತ್ತು ಕುರ್ಚಿಯ ಕೋಣೆಯಲ್ಲಿ ಹಾಗಲ್ಲ. ನಾವು ಅವರನ್ನು ನೋಡುವಷ್ಟೇ ಚೆನ್ನಾಗಿ ಅವರು ನಮ್ಮನ್ನು ನೋಡುತ್ತಾರೆ. ನಾವು ಆಕಳಿಸಿದ್ದು, ಕಣ್ಣು ಒರೆಸಿಕೊಂಡಿದ್ದು, ಫೋನ್ ತೆಗೆದಿದ್ದು, ಎಲ್ಲ ಅವರಿಗೆ ಕಾಣುತ್ತದೆ. ಅದು ಹಾಡಿನೊಳಗೂ ಹೋಗುತ್ತದೆ.

ಮೈ ಕೂಡ ಕೇಳುತ್ತದೆ

ಇದು ಬರೀ ಭಾವನೆಯ ಮಾತಲ್ಲ. 1895ರಲ್ಲಿ ಹಾರ್ವರ್ಡಿನ ವ್ಯಾಲೇಸ್ ಸಬೈನ್ ಅನ್ನುವ ಯುವ ಭೌತಶಾಸ್ತ್ರ ಮೇಷ್ಟ್ರಿಗೆ ಒಂದು ಕೆಲಸ ಬಂತು. ಅಲ್ಲಿನ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸದ ಹಾಲ್‌ನಲ್ಲಿ ಯಾರು ಏನು ಹೇಳಿದರೂ ಅರ್ಥವಾಗುತ್ತಿರಲಿಲ್ಲ. ಖಾಲಿ ಹಾಲ್‌ನಲ್ಲಿ ಒಂದು ಮಾತು ಆಡಿದರೆ ಅದರ ಗುಂಯ್ ಸುಮಾರು 5.5 ಸೆಕೆಂಡ್ ಉಳಿಯುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಇನ್ನೂ ಹತ್ತು ಹದಿನೈದು ಮಾತು ಆಡಿರುತ್ತಿದ್ದರು. ಸಬೈನ್ ಪಕ್ಕದ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತರುತ್ತಿದ್ದರು. ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಎಷ್ಟು ಹೊತ್ತಿಗೆ ಸಾಯುತ್ತದೆ ಅಂತ ಗಡಿಯಾರ ಹಿಡಿದು ಅಳೆಯುತ್ತಿದ್ದರು. ಬೆಳಗಾಗುವ ಮೊದಲು ಮೆತ್ತೆಗಳನ್ನು ವಾಪಸ್ ಇಡುತ್ತಿದ್ದರು. ಮೆತ್ತೆ ಹೆಚ್ಚಾದ ಹಾಗೆ ಗುಂಯ್ ಕಮ್ಮಿಯಾಗುತ್ತಿತ್ತು. ಮನುಷ್ಯರ ಮೈಯೂ ಮೆತ್ತೆಯ ಹಾಗೇ ಸದ್ದನ್ನು ಕುಡಿಯುತ್ತದೆ ಅಂತ ಅವರು ಅಳೆದು ತೋರಿಸಿದರು. ಕೊನೆಗೆ ತಾನು ತೊಟ್ಟ ಬಟ್ಟೆಯೂ ಲೆಕ್ಕ ಬದಲಿಸುತ್ತದೆ ಅಂತ ಗೊತ್ತಾಗಿ, ಪ್ರಯೋಗಕ್ಕೆ ಅಂತಲೇ ಒಂದೇ ಬಟ್ಟೆ ಹಾಕಿಕೊಂಡು ಬರಲು ಶುರು ಮಾಡಿದರಂತೆ.

ಆ ಬಟ್ಟೆಯ ವಿಷಯ ನನಗೆ ತುಂಬಾ ಇಷ್ಟ. ಒಬ್ಬ ಮನುಷ್ಯ, ಅವನ ಕೋಟು, ಅವನು ನಿಂತ ಜಾಗ, ಇಷ್ಟೂ ಸದ್ದಿಗೆ ಲೆಕ್ಕ. ಸಾಯಂಕಾಲ ಖಾಲಿ ಕೋಣೆಯಲ್ಲಿ ಸೌಂಡ್ ಚೆಕ್ ಮಾಡಿದ ಬ್ಯಾಂಡ್ ಜನ ತುಂಬಿದ ಮೇಲೆ ಮತ್ತೆ ಎಲ್ಲ ಸರಿ ಮಾಡಿಕೊಳ್ಳುವುದು ಇದಕ್ಕೇ. ಖಾಲಿ ಕೋಣೆಯಲ್ಲಿ ಮಿನುಗುತ್ತಿದ್ದ ಬ್ಯಾಂಜೋ ನಲವತ್ತು ಸ್ವೆಟರ್‌ಗಳ ಮುಂದೆ ಸ್ವಲ್ಪ ಮಂಕಾಗುತ್ತದೆ. ಮೈಕ್‌ನವರು ಮೇಲಿನ ಸ್ವರಗಳನ್ನು ಒಂಚೂರು ಏರಿಸುತ್ತಾರೆ. ಹಾಗಾದರೆ ಮೂರನೇ ಸಾಲಿನಿಂದ ನಾನು ಎದ್ದು ಹೋದಾಗ ಆ ಕೋಣೆಯ ಸದ್ದು, ಅಳೆಯಲೂ ಆಗದಷ್ಟು ಚಿಕ್ಕದಾಗಿ, ನಿಜವಾಗಿಯೂ ಬದಲಾಗಿರಬೇಕು ಅಲ್ವಾ? ಇದನ್ನು ನಾನು ಮನಸಾರೆ ನಂಬುತ್ತೇನೆ.

ಚಿಕ್ಕ ಕೋಣೆಯಲ್ಲಿ ಇನ್ನೊಂದು ವಿಷಯ ಆಗುತ್ತದೆ. ಅರ್ಧದಷ್ಟು ಸದ್ದು ಸ್ಪೀಕರಿನಿಂದ ಬರುವುದೇ ಇಲ್ಲ, ನೇರವಾಗಿ ವಾದ್ಯದಿಂದಲೇ ಬರುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳು ಒಂದಿಷ್ಟನ್ನು ವಾಪಸ್ ಕೊಡುತ್ತವೆ, ಆದರೂ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಒಂದೇ ಹಾಡು ಕೇಳುವುದಿಲ್ಲ. ಮುಂದೆ ಕೂತವರಿಗೆ ಗಿಟಾರಿನ ತಂತಿಯ ಮೇಲೆ ಬೆರಳು ಜಾರುವ ಕೀಚಲು ಸದ್ದು ಕೇಳುತ್ತದೆ. ಹಾಡುವ ಮೊದಲು ಎಳೆದುಕೊಂಡ ಉಸಿರು ಕೇಳುತ್ತದೆ. ಫಿಡಲಿನ ಕಮಾನಿಗೆ ಹಚ್ಚಿದ ರಾಳದ ಪುಡಿ ಬೆಳಕಿನಲ್ಲಿ ಹಾರುವುದು ಕಾಣುತ್ತದೆ. ಹಾರ್ಮೋನಿಯಂ ಇದ್ದರೆ ತಿದಿಯ ಮರ ತಟ್ಟುವುದೂ ತಾಳದ ಒಂದು ಭಾಗವಾಗುತ್ತದೆ. ರೆಕಾರ್ಡಿಂಗಿನಲ್ಲಿ ಇವನ್ನೆಲ್ಲ ಒರೆಸಿ ತೆಗೆಯುತ್ತಾರೆ, ಅಥವಾ ಒಂದಿಷ್ಟು ಬೇಕು ಅಂತಲೇ ಉಳಿಸುತ್ತಾರೆ. ಕೋಣೆಯಲ್ಲಿ ಆರಿಸುವವರು ಯಾರೂ ಇಲ್ಲ. ಎಲ್ಲ ಬರುತ್ತದೆ.

ಕೆಲವು ಬ್ಯಾಂಡ್‌ಗಳು ಹಳೆಯ ರೇಡಿಯೋ ಕಾಲದ ಹಾಗೆ ಒಂದೇ ಮೈಕ್ ಇಟ್ಟುಕೊಂಡು ಅದರ ಸುತ್ತ ನಿಲ್ಲುತ್ತವೆ. ಯಾರ ಸರದಿಯೋ ಅವರು ಮುಂದೆ ಬರುತ್ತಾರೆ, ಉಳಿದವರು ಅರ್ಧ ಹೆಜ್ಜೆ ಹಿಂದೆ. ದನಿ ಹೆಚ್ಚು ಕಮ್ಮಿ ಮಾಡುವ ಕೆಲಸವನ್ನು ಕಾಲುಗಳೇ ಮಾಡುತ್ತವೆ. ಭುಜಕ್ಕೆ ಭುಜ ತಾಗದ ಹಾಗೆ, ಕಮಾನು ಯಾರ ಕಣ್ಣಿಗೂ ಚುಚ್ಚದ ಹಾಗೆ ಅವರು ಸುತ್ತುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಶ್ರುತಿ ಮಾಡುವ ಹೊತ್ತು

ಇಂಥ ಜಾಗಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಹಾಡುಗಳ ನಡುವಿನ ಬಿಡುವು. ಫೋಕ್ ಬ್ಯಾಂಡ್‌ನವರು ತುಂಬಾ ಶ್ರುತಿ ಮಾಡುತ್ತಾರೆ. ಒಂದೊಂದು ಹಾಡಿಗೆ ಒಂದೊಂದು ಶ್ರುತಿ ಇರುತ್ತದೆ. ಗಿಟಾರಿನ ಆರು ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಸ್ವರಗಳಿಗೆ ಕೂರಿಸುವ ಶ್ರುತಿ ಈಗ ಎಲ್ಲರ ಕೈಯಲ್ಲೂ ಇದೆ. ಅದನ್ನು 1960ರ ದಶಕದ ಶುರುವಿನಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ. ಮಾಮೂಲಿ ಶ್ರುತಿಯಿಂದ ಅಲ್ಲಿಗೆ ಹೋಗಲು ಮೂರು ತಂತಿಗಳನ್ನು ಇಳಿಸಬೇಕು. ಕೇಳಲು ಸುಲಭ. ಆದರೆ ಮೂರು ತಂತಿ ಸಡಿಲವಾದಾಗ ಕತ್ತಿನ ಮೇಲಿನ ಎಳೆತ ಕಮ್ಮಿಯಾಗಿ ಉಳಿದ ಮೂರು ಒಂಚೂರು ಏರುತ್ತವೆ. ಅವನ್ನು ಸರಿ ಮಾಡಿದರೆ ಮೊದಲಿನವು ಮತ್ತೆ ಅಲುಗುತ್ತವೆ. ಮೇಲಿನ ದೀಪದ ಬಿಸಿಗೆ ಉಕ್ಕಿನ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಜನರ ಉಸಿರಿನ ತೇವಕ್ಕೆ ಮರ ಉಬ್ಬುತ್ತದೆ. ಗಿಟಾರು ಇಡೀ ಸಂಜೆ ಆ ಕೋಣೆಯ ಜೊತೆ ಜಗ್ಗಾಡುತ್ತಲೇ ಇರುತ್ತದೆ.

ಒಂದು ಸಂಜೆಯ ನೆನಪು. ಬ್ಯಾಂಜೋ ನುಡಿಸುತ್ತಿದ್ದ ಹುಡುಗ, ಇಪ್ಪತ್ತು ಇಪ್ಪತ್ತೊಂದು ಇರಬಹುದು. ಮೊದಲ ಸಲ ಜನರ ಮುಂದೆ ಬಂದಿದ್ದ ಅನ್ನಿಸುತ್ತದೆ. ಬ್ಯಾಂಜೋದ ಐದನೇ ತಂತಿ ಉಳಿದವಕ್ಕಿಂತ ಗಿಡ್ಡ, ಅದರ ತಿರುಪು ಕತ್ತಿನ ಮಧ್ಯದಲ್ಲಿ ಇರುತ್ತದೆ. ಆ ತಂತಿ ಸರಿಯಾಗಿ ಕೂರುತ್ತಿರಲಿಲ್ಲ. ತಿರುಗಿಸಿದ, ಮೀಟಿದ, ತಲೆ ಅಲ್ಲಾಡಿಸಿದ. ಮತ್ತೆ ತಿರುಗಿಸಿದ. ಅವನ ಕಿವಿ ಕೆಂಪಾಯಿತು. ಜೊತೆಗಾರರಲ್ಲಿ ಒಬ್ಬರು ಮೈಕ್‌ನಲ್ಲಿ ಏನೋ ಮಾತಾಡಿ ಹೊತ್ತು ತುಂಬಲು ಹೊರಟರು, ಯಾಕೋ ಸುಮ್ಮನಾದರು. ಒಂದೂವರೆ ನಿಮಿಷ ಇರಬೇಕು. ಯಾರೂ ಮಾತಾಡಲಿಲ್ಲ. ಯಾರೂ ಫೋನ್ ತೆಗೆಯಲಿಲ್ಲ. ನಲವತ್ತು ಜನ ಒಂದೇ ತಂತಿಗೆ ಕಿವಿಗೊಟ್ಟು ಕೂತಿದ್ದೆವು. ನಮಗೂ ಆ ಸ್ವರ ಎಲ್ಲಿ ಕೂರಬೇಕು ಅಂತ ಗೊತ್ತಾಗಿಬಿಟ್ಟಿತ್ತು. ಒಂಚೂರು ಕೆಳಗೆ, ಇನ್ನೂ ಒಂಚೂರು. ಅದು ಸರಿಯಾಗಿ ಬಂದು ಕೂತ ಕ್ಷಣ ಕೋಣೆಯಲ್ಲಿ ಒಂದು ನಿಟ್ಟುಸಿರು ಎದ್ದಿತು. ಅವನು ತಲೆ ಎತ್ತಿ ನೋಡಿದ. ಹಾಡು ಶುರು ಮಾಡಲಿಲ್ಲ. ಆ ತಂತಿಯನ್ನೇ ಮೀಟುತ್ತಾ ಹೋದ, ನಿಧಾನಕ್ಕೆ, ಒಂದೇ ಸ್ವರ. ಅದರ ಮೇಲೇ ಗಿಟಾರು ಬಂತು, ಆಮೇಲೆ ದನಿ ಬಂತು. ಅವತ್ತಿನ ಸೆಟ್‌ನಲ್ಲಿ ಬೇರೆ ಏನು ನುಡಿಸಿದರೋ ಮರೆತಿದ್ದೇನೆ. ಆ ತಂತಿ ಮರೆತಿಲ್ಲ.

ಕಿವಿಗೊಡುವುದು ಅನ್ನುತ್ತೇವಲ್ಲ, ಅದರಲ್ಲಿ ‘ಕೊಡು’ ಇದೆ. ಆ ಒಂದೂವರೆ ನಿಮಿಷದಲ್ಲಿ ನಾವು ಆ ಹುಡುಗನಿಗೆ ಏನನ್ನೋ ಕೊಟ್ಟಿದ್ದೆವು. ಅವನು ಅದನ್ನು ತಗೊಂಡಿದ್ದ. ಇದು ನನಗೆ ಆಗ ಹೊಳೆಯಲಿಲ್ಲ. ಹಾಡಿನ ಮಧ್ಯೆ ಎದ್ದು ಹೋದ ರಾತ್ರಿಯ ನಂತರ ಹೊಳೆಯಿತು.

ಮಾತಾಡುವವರು

ಎಲ್ಲ ಕಡೆ ಹೀಗಿರುವುದಿಲ್ಲ. ಚಿಕ್ಕ ಜಾಗಗಳಲ್ಲಿ ಹಾಡುವವರಿಗೆ ಎಲ್ಲಕ್ಕಿಂತ ಕಷ್ಟ ಮಾತಿನ ಗದ್ದಲ. ಜೋರಾಗಿ ನುಡಿಸುವ ಬ್ಯಾಂಡ್ ಆದರೆ ಮಾತನ್ನು ಮುಳುಗಿಸಬಹುದು. ಒಂದು ಗಿಟಾರು, ಒಂದು ಪಿಸುದನಿ ಇಟ್ಟುಕೊಂಡು ಬಂದವರು ಏನು ಮಾಡಬೇಕು? ದನಿ ಏರಿಸಲು ಹೋದರೆ ಮೈಕ್ ಸ್ಪೀಕರಿನ ಸದ್ದನ್ನೇ ಮತ್ತೆ ಎಳೆದುಕೊಂಡು ಕೂಗತೊಡಗುತ್ತದೆ. ಜನ ಇನ್ನೂ ಜೋರಾಗಿ ಮಾತಾಡುತ್ತಾರೆ.

ಈ ಕಷ್ಟದಿಂದಲೇ ಹುಟ್ಟಿದ ಜಾಗಗಳಿವೆ. 2008ರಲ್ಲಿ ಅಮೆರಿಕದ ಆಸ್ಟಿನ್ನಿನಲ್ಲಿ ಲಾರಾ ಗಿಬ್ಸನ್ ಅನ್ನುವ ಗಾಯಕಿ ಒಂದು ಬಾರ್‌ನಲ್ಲಿ ಹಾಡುತ್ತಿದ್ದರು. ಎನ್‌ಪಿಆರ್ ರೇಡಿಯೋದ ಬಾಬ್ ಬಾಯ್ಲನ್ ಮತ್ತು ಅವರ ಜೊತೆಗಾರ ಕೇಳಲು ಹೋಗಿದ್ದರು. ಗದ್ದಲದಲ್ಲಿ ಏನೂ ಕೇಳಲಿಲ್ಲ. ಇದಕ್ಕಿಂತ ನಮ್ಮ ಆಫೀಸಿಗೇ ಬಂದು ಮೇಜಿನ ಹತ್ತಿರ ಹಾಡಿ ಅಂದರು. ಲಾರಾ ನಿಜವಾಗಿಯೂ ಬಂದು ಹಾಡಿದರು. ಆಫೀಸಿನ ಮೇಜಿನ ಹತ್ತಿರ ಹಾಡಿಸುವ ಟೈನಿ ಡೆಸ್ಕ್ ಸರಣಿ ಶುರುವಾಗಿದ್ದು ಹಾಗೆ. ಮರುವರ್ಷ ಲಂಡನ್ನಿನಲ್ಲಿ ಸೋಫಾರ್ ಶುರುವಾಯಿತು, ಅದೂ ಗಿಗ್‌ನಲ್ಲಿ ಜನ ಮಾತಾಡುತ್ತಾರೆ ಅನ್ನುವ ಬೇಸರದಿಂದಲೇ. ಯಾರದೋ ಮನೆಯ ನಡುಮನೆ, ನೆಲದ ಮೇಲೆ ಕೂತು ಕೇಳುವವರು. ಇವೆರಡಕ್ಕೂ ಮೊದಲೇ, 1982ರಲ್ಲಿ, ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಬ್ಲೂಬರ್ಡ್ ಕೆಫೆ ತೆರೆದಿತ್ತು. ಸುಮಾರು 90 ಜನಕ್ಕೆ ಜಾಗ. ಹಾಡು ಬರೆದವರು ಕೋಣೆಯ ಮಧ್ಯದಲ್ಲಿ ಒಬ್ಬರಿಗೊಬ್ಬರು ಎದುರಾಗಿ ಕೂತು ಹಾಡುತ್ತಾರೆ, ಕೇಳುವವರು ಸುತ್ತ ಕೂರುತ್ತಾರೆ. ಮಾತಾಡಿದರೆ ‘ಶ್’ ಅನ್ನುತ್ತಾರೆ. ‘ಶ್’ ಅನ್ನುವುದೇ ಆ ಜಾಗದ ಗುರುತಾಗಿದೆ.

ನನಗೆ ಈ ‘ಶ್’ ಬಗ್ಗೆ ಎರಡು ಮನಸ್ಸು. ಸುಮ್ಮನಿರುವುದು ಬೇಕು, ಖಂಡಿತ ಬೇಕು. ಆದರೆ ಫೋಕ್ ಹಾಡಿಗೆ ಜನರ ದನಿಯೂ ಬೇಕು. ಈ ಹಾಡುಗಳು ಬಂದಿದ್ದೇ ಜನ ಸೇರಿ ಹಾಡುವ ಜಾಗಗಳಿಂದ. ಪಲ್ಲವಿ ಬಂದಾಗ ಹಿಂದಿನ ಸಾಲಿನ ಅಜ್ಜ ಗುನುಗಿದರೆ, ಮೂಲೆಯ ಮಗು ಚಪ್ಪಾಳೆ ತಪ್ಪಿ ತಟ್ಟಿದರೆ ಅದು ಗದ್ದಲವಲ್ಲ. ಅವರು ಹಾಡಿನ ಒಳಗಿದ್ದಾರೆ. ಬೆನ್ನು ತಿರುಗಿಸಿ ಬೇರೆ ಮಾತು ಆಡುವವರು ಹೊರಗಿದ್ದಾರೆ. ಹಾಡುವವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ಬಹಳ ಶಿಸ್ತಿನ ಜಾಗಗಳಲ್ಲಿ ಒಂದೊಂದು ಸಲ ಜನ ಹೆದರಿ ಸುಮ್ಮನಿರುತ್ತಾರೆ, ಅಲ್ಲಿ ಹಾಡು ಬಿಗಿಯುತ್ತದೆ. ಬ್ಯಾಂಜೋ ಹುಡುಗನಿಗಾಗಿ ನಾವು ಸುಮ್ಮನಿದ್ದಾಗ ಯಾರೂ ‘ಶ್’ ಅಂದಿರಲಿಲ್ಲ.

2020ರಲ್ಲಿ ಎಲ್ಲ ಬಾಗಿಲು ಹಾಕಿದಾಗ ಇದು ಇನ್ನೊಂದು ರೀತಿ ಅರ್ಥವಾಯಿತು. ಹಾಡುವವರು ತಮ್ಮ ತಮ್ಮ ಮನೆಯಿಂದ ಫೋನ್ ಮುಂದೆ ಕೂತು ಹಾಡಿದರು, ನಾವು ನಮ್ಮ ಮನೆಯಿಂದ ಕೇಳಿದೆವು. ಅಷ್ಟು ಹತ್ತಿರದಿಂದ ಮುಖ ನೋಡಿದ್ದು ಅದೇ ಮೊದಲು. ಆದರೆ ಹಾಡು ಮುಗಿದಾಗ ಏನೂ ಆಗುತ್ತಿರಲಿಲ್ಲ. ಕೊನೆಯ ಸ್ವರ ಸಾಯುತ್ತಿತ್ತು, ಅವರು ತಲೆ ಎತ್ತಿ ಪರದೆ ನೋಡುತ್ತಿದ್ದರು. ಎರಡು ಸೆಕೆಂಡ್, ಮೂರು ಸೆಕೆಂಡ್. ಮುಗಿಯಿತೋ ಇಲ್ಲವೋ ಅವರಿಗೇ ಗೊತ್ತಿಲ್ಲದ ಹಾಗೆ ಕಾಣುತ್ತಿತ್ತು. ನಾನು ಮನೆಯಲ್ಲಿ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದ್ದೂ ಇದೆ. ಅದು ಯಾರಿಗೂ ತಲುಪಲಿಲ್ಲ.

ಹನ್ನೊಂದು ಜನ

ಬಾಗಿಲುಗಳು ಮತ್ತೆ ತೆರೆದ ಮೇಲೆ, ಒಂದು ಮಳೆಯ ರಾತ್ರಿ, ಅದೇ ಕೋಣೆಗೆ ಹೋದೆ. ಬೇರೆ ಬ್ಯಾಂಡ್. ಹಾಡುವವರು ಐದು ಜನ, ಕೇಳುವವರು ಹನ್ನೊಂದು ಜನ. ನಾನು ಎಣಿಸಿದೆ. ಅವರೂ ಎಣಿಸಿರುತ್ತಾರೆ. ಅರ್ಧ ಗಂಟೆ ಕಾದರು. ಬಾಗಿಲು ಸದ್ದಾದಾಗಲೆಲ್ಲ ಎಲ್ಲರೂ ತಿರುಗಿ ನೋಡಿದೆವು. ಗಾಳಿ ಅಷ್ಟೇ. ದೂರದಿಂದ ತಾವೇ ಗಾಡಿ ಓಡಿಸಿಕೊಂಡು, ವಾದ್ಯಗಳನ್ನು ತಾವೇ ಹೊತ್ತು ಬಂದವರು ಅವರು. ಇಂಡಿ ಅಂದರೆ ಇದೂ ಸೇರಿ ಅಲ್ವಾ, ಹಿಂದೆ ಕಂಪನಿ ಇಲ್ಲ, ಟಿಕೆಟ್ಟಿನ ದುಡ್ಡಿನಲ್ಲಿ ಪೆಟ್ರೋಲ್ ಹುಟ್ಟಬೇಕು, ಕೊನೆಗೆ ಮೇಜಿನ ಮೇಲೆ ಹರಡಿದ ರೆಕಾರ್ಡು, ಟೀ ಶರ್ಟ್‌ಗಳಲ್ಲಿ ಒಂದಿಷ್ಟು ಮಾರಾಟವಾದರೆ ಮುಂದಿನ ಊರು.

ಅವರು ಮೈಕ್ ಆಫ್ ಮಾಡಿದರು. ಕುರ್ಚಿಗಳನ್ನು ಎಳೆದು ಸುತ್ತ ಹಾಕಿಕೊಳ್ಳಿ ಅಂದರು. ನಾವು ಹಾಕಿಕೊಂಡೆವು. ಅವರೂ ಕುರ್ಚಿ ಹಾಕಿಕೊಂಡು ನಮ್ಮ ನಡುವೆ ಕೂತರು. ನನ್ನ ಬಲಕ್ಕೆ ಡಬಲ್ ಬೇಸ್ ನಿಂತಿತ್ತು. ಮೀಟಿದಾಗಲೆಲ್ಲ ಅದರ ಕಂಪನ ನೆಲದಿಂದ ಕುರ್ಚಿಯ ಕಾಲಿಗೆ, ಅಲ್ಲಿಂದ ನನ್ನ ಬೆನ್ನಿಗೆ ಬರುತ್ತಿತ್ತು. ಎದುರಿಗೆ ಇಬ್ಬರು ಜೊತೆಯಾಗಿ ಹಾಡುತ್ತಿದ್ದರು. ಮೂರನೇ ಸಾಲಿನಿಂದ ಅಷ್ಟು ವರ್ಷ ಕೇಳಿಯೂ ನೋಡಿರದ ಒಂದನ್ನು ಅವತ್ತು ನೋಡಿದೆ. ಅವರು ಒಬ್ಬರ ಬಾಯಿ ಇನ್ನೊಬ್ಬರು ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದರು. ಭುಜ ಏರಿತೆಂದರೆ ಉಸಿರು ಎಳೆದರು ಅಂತ. ಉಸಿರು ಜೊತೆಗೆ ಬಂದರೆ ಸ್ವರವೂ ಜೊತೆಗೆ ಹೊರಡುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ಜೊತೆಯಾಗಿ ಹಾಡುವವರ ಎದೆಬಡಿತ ಅಳೆದಿದ್ದರು. ಹಾಡುವಾಗ ಉಸಿರು ಒಂದೇ ಲಯಕ್ಕೆ ಬರುವುದರಿಂದ ಎದೆಬಡಿತವೂ ಒಟ್ಟಿಗೆ ಏರಿ ಇಳಿಯುತ್ತದೆ ಅಂತ ಕಂಡಿತ್ತು. ನನ್ನ ಎದೆ ಏನು ಮಾಡುತ್ತಿತ್ತೋ ಗೊತ್ತಿಲ್ಲ. ಉಸಿರು ಮಾತ್ರ ನಾನೂ ಅವರ ಜೊತೆಗೇ ಎಳೆಯುತ್ತಿದ್ದೆ. ಮೂರನೇ ಹಾಡಿನ ಹೊತ್ತಿಗೆ ಅದು ಗಮನಕ್ಕೆ ಬಂತು.

ಒಂದು ಹಾಡನ್ನೂ ಬಿಡದೆ ಹಾಡಿದರು. ಹನ್ನೊಂದು ಜನದ ಚಪ್ಪಾಳೆ ಚಿಕ್ಕದು, ಒಂದೊಂದು ಅಂಗೈ ಬೇರೆ ಬೇರೆ ಕೇಳುತ್ತದೆ. ಕೈ ನೋಯುವವರೆಗೆ ತಟ್ಟಿದೆವು. ಅವತ್ತು ಬಸ್ಸು ತಪ್ಪಿತು. ನಡೆದುಕೊಂಡೇ ಬಂದೆ, ಒಂದೂವರೆ ಗಂಟೆ, ಒದ್ದೆಯಾಗಿ.

ಕೇಳಿದೆ

ಎರಡು ವರ್ಷದ ಮೇಲೆ ಆ ಮೊದಲಿನ ಬ್ಯಾಂಡ್ ಮತ್ತೆ ಬರುತ್ತದೆ ಅಂತ ಗೊತ್ತಾಯಿತು. ಬೇಗ ಹೋಗಿ ಮೊದಲ ಸಾಲಿನಲ್ಲಿ ಕೂತೆ. ವಾಪಸ್ ಬರಲು ಗೆಳತಿಯ ಗಾಡಿ ಇತ್ತು, ಗಡಿಯಾರ ನೋಡುವ ಹಾಗಿರಲಿಲ್ಲ. ಒಂದೊಂದು ಹಾಡು ಮುಗಿದಾಗಲೂ ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾದೆ. ಹೊಸ ಹಾಡುಗಳು ಬಂದವು, ಹಳೆಯವು ಕೆಲವು ಬಂದವು. ಆ ಹಾಡು ಬರಲೇ ಇಲ್ಲ. ನೆಲದ ಮೇಲೆ ಅವರ ಕಾಲ ಹತ್ತಿರ ಟೇಪ್ ಹಚ್ಚಿದ್ದ ಸೆಟ್ ಲಿಸ್ಟ್ ತಲೆಕೆಳಗಾಗಿ ಓದಿದೆ. ಅದರಲ್ಲೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಜನ ಕರಗಿದರು. ನಾನು ಕುರ್ಚಿ ಮಡಚಿ ಗೋಡೆಗೆ ಒರಗಿಸುವವರ ಜೊತೆ ಸೇರಿಕೊಂಡೆ. ಡಬಲ್ ಬೇಸ್ ನುಡಿಸುವವರು ಕೇಬಲ್ ಸುತ್ತುತ್ತಿದ್ದರು, ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಕೆಳಗಿನಿಂದ. ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಳ್ಳುವುದಿಲ್ಲ. ಅವರ ಹತ್ತಿರ ಹೋಗಿ ನಿಂತೆ. ನಮ್ಮ ಭಾಷೆಯಲ್ಲಿ ಹಾಡನ್ನೂ ಕೇಳುತ್ತೇವೆ, ಪ್ರಶ್ನೆಯನ್ನೂ ಕೇಳುತ್ತೇವೆ. ಮೊದಲನೆಯದನ್ನು ನಾನು ಅರ್ಧಕ್ಕೆ ಬಿಟ್ಟಿದ್ದೆ.

“ಆ ಹಾಡು ನೀವು ಹೇಗೆ ಮುಗಿಸ್ತೀರಿ?” ಅಂದೆ. ಯಾವ ಹಾಡು ಅಂತ ಹೇಳಬೇಕಾಯಿತು. ರೆಕಾರ್ಡಿನಲ್ಲಿ ಫೇಡ್ ಆಗುತ್ತದಲ್ಲ, ಅದು ಅಂದೆ. ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ ನುಡಿಸಿದ್ದಿರಿ, ನಾನು ಮಧ್ಯದಲ್ಲಿ ಹೋದೆ ಅಂದೆ. ಇದನ್ನು ಹೇಳುವಾಗ ಗಂಟಲು ಕಟ್ಟಿತು.

ಅವರು ಕೇಬಲ್ ಕೆಳಗಿಟ್ಟರು. “ಅದಕ್ಕೆ ಗೊತ್ತುಪಡಿಸಿದ ಕೊನೆ ಇಲ್ಲ,” ಅಂದರು. “ಎಷ್ಟು ಸಲ ಸುತ್ತಬೇಕು ಅಂತ ನಾವು ಮಾತಾಡಿಕೊಂಡಿಲ್ಲ. ಅವಳ ಹಿಮ್ಮಡಿ ನೋಡ್ತಿರ್ತೀವಿ.”

ಹಾಡುವಾಗ ಆಕೆ ಬಲಗಾಲಿನ ಹಿಮ್ಮಡಿ ಎತ್ತಿ ಎತ್ತಿ ತಾಳ ಹಾಕುತ್ತಾರಂತೆ. ಇಡೀ ಹಾಡು ಅದು ಏಳುತ್ತಾ ಬೀಳುತ್ತಾ ಇರುತ್ತದೆ. ಯಾವುದೋ ಒಂದು ಸುತ್ತಿನಲ್ಲಿ ಅದು ಕೆಳಗೆ ಬಂದು ನೆಲದ ಮೇಲೇ ಉಳಿಯುತ್ತದೆ. ಅದು ಕಂಡ ಕೂಡಲೇ ಮೊದಲು ಬೇಸ್ ನಿಲ್ಲುತ್ತದೆ, ಆಮೇಲೆ ಗಿಟಾರು, ಆಮೇಲೆ ಫಿಡಲ್. ಸಾಲಿನ ಕೊನೆಯ ಪದ ಅವರೊಬ್ಬರೇ ಹಾಡುತ್ತಾರೆ. “ಕೆಲವು ಸಲ ನಾಲ್ಕು ಸುತ್ತಿಗೆ ಮುಗಿಯುತ್ತೆ. ಒಂದು ಸಲ ಇಪ್ಪತ್ತು ಆಗಿತ್ತು.”

“ಅವತ್ತು ಎಷ್ಟಾಯ್ತು?”

ಅವರು ಸ್ವಲ್ಪ ಹೊತ್ತು ಯೋಚಿಸಿದರು. ನೆನಪಿಲ್ಲ ಅಂದರು. ಆಮೇಲೆ ಹಾಡುವವರನ್ನು ಕೂಗಿ ಕೇಳಿದರು. ಆಕೆ ಗಿಟಾರ್ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಿದ್ದರು. ನನ್ನನ್ನು ನೋಡಿದರು. ಗುರುತು ಹತ್ತಿತೋ ಇಲ್ಲವೋ, ನನಗೆ ತಿಳಿಯಲಿಲ್ಲ.

“ಇಲ್ಲಿ ನುಡಿಸಿದ್ದಾ? ಬಾಗಿಲು ಸದ್ದಾಯ್ತಲ್ಲ, ಅವತ್ತಾ?” ಅಂದರು. “ಆ ಸದ್ದಿಗೆ ಲೆಕ್ಕ ತಪ್ಪಿತ್ತು. ಅದಕ್ಕೇ ಇನ್ನೊಂದು ಸುತ್ತು ಹಾಕಿದ್ವಿ.”

ಮತ್ತೆ ಬಗ್ಗಿ ಪೆಟ್ಟಿಗೆಯ ಕೊಂಡಿ ಹಾಕತೊಡಗಿದರು. ಹಾಕುತ್ತಲೇ ಆ ಸಾಲನ್ನು ಗುನುಗಿದರು, ಮೈಕ್ ಇಲ್ಲದೆ, ನೆಲ ನೋಡುತ್ತಾ. ಬೇಸ್‌ನವರು ಕೇಬಲ್ ಕೈಗೆ ತಗೊಂಡರು. ಇನ್ನೊಂದು ತುದಿ ನನ್ನ ಕಾಲ ಹತ್ತಿರ ಬಿದ್ದಿತ್ತು, ನಾನು ಅದನ್ನು ಎತ್ತಿ ಹಿಡಿದುಕೊಂಡೆ. ಮಂಡಿಯೂರಿದ್ದ ಆಕೆಯ ಬಲಗಾಲಿನ ಹಿಮ್ಮಡಿ ನನಗೆ ಕಾಣುತ್ತಿತ್ತು. ಏಳುತ್ತಿತ್ತು, ಬೀಳುತ್ತಿತ್ತು. ಅಲ್ಲಿಂದ ಕಣ್ಣು ತೆಗೆಯದೆ ನಿಂತೆ.